ಶ್ರೀಕರನ ಧಾರಾವಾಹಿ ವ್ಯಾಸಂಗ

ಶ್ರೀಕರ್ ಯಾವುದನ್ನೂ ಸುಮ್ಮನೆ ನೋಡುವವನಲ್ಲ, ಓದುವವನು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ್ದು ಹಾಗೆ, ನ್ಯೂಜಿಲೆಂಡಿನ ಡ್ರೈವಿಂಗ್ ಲೈಸೆನ್ಸ್ ಪಡೆದದ್ದೂ ಹಾಗೆ. 2013ರಲ್ಲಿ ಅಲ್ಲಿನ ಆಲ್ಬನಿಯ ಆಫೀಸಿಗೆ ಸೇರಿದ ಮೇಲೆ ಅವನು ಓದಲು ಕೂತದ್ದು ಒಂದು ಟಿ.ವಿ. ಧಾರಾವಾಹಿಯನ್ನು.

ಅದರಲ್ಲಿ ಹಡಗೊಂದು ನಕ್ಷತ್ರಗಳ ನಡುವೆ ಅಲೆಯುತ್ತದೆ. ಅದು ಊರು ಸೇರುವುದಿಲ್ಲ, ಹಾಗಾಗಿ ಧಾರಾವಾಹಿಯೂ ಮುಗಿಯುವುದಿಲ್ಲ. ಆಫೀಸಿನವರ ಅಪ್ಪಂದಿರು ನೋಡಿದ್ದರು, ಇವರು ನೋಡುತ್ತಿದ್ದಾರೆ, ಇವರ ಮಕ್ಕಳೂ ನೋಡುತ್ತಾರೆ. ಸೋಮವಾರದ ಟೀ ಹೊತ್ತಿಗೆ ಎಲ್ಲರದೂ ಅದೇ ಮಾತು. ಶ್ರೀಕರ್ ಬಿಸ್ಕತ್ತು ಅದ್ದಿಕೊಂಡು, ಎಲ್ಲರೂ ನಕ್ಕ ಮೇಲೆ ನಗುತ್ತಿದ್ದ. ಹೀಗೆ ಹೊರಗಿನವನಾಗಿ ಕೂರುವುದು ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಆ ಮೇಜಿನಲ್ಲಿ ತನ್ನದೂ ಒಂದು ಮಾತು ನಡೆಯಬೇಕು, ಅಷ್ಟೇ ಅವನ ಆಸೆ.

ಮೊದಲ ಕಂತಿನಿಂದ ಹಿಡಿದ. ಚಳಿಗಾಲ ಕಳೆಯುವಷ್ಟರಲ್ಲಿ ಅರೆದು ಕುಡಿದಿದ್ದ. ಯಾವ ಗ್ರಹದವರ ರಕ್ತ ಯಾವ ಬಣ್ಣ ಎಂದು ಕೇಳಿದರೆ ಹೇಳುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ. ಯಾರಾದರೂ ಹೆಸರು ತಪ್ಪಿದರೆ ತಿದ್ದುತ್ತಿದ್ದ. ಪಾಪ, ಮೇಷ್ಟ್ರು ಬಂದು ಕೂತ ಹಾಗಾಗಿ ಮಾತು ರಗ್ಬಿಗೆ ಹೊರಳುತ್ತಿತ್ತು.

ಒಂದು ಸೋಮವಾರ ಹಿರಿಯ ಸಹೋದ್ಯೋಗಿ ಗ್ರೇಮ್ ತನ್ನ ಬಾಲ್ಯದ ಮಾತು ತೆಗೆದ. ಅವನಿಗೆ ಕಥೆ ಒಂದೂ ನೆನಪಿಲ್ಲವಂತೆ. ಭಯದ ದೃಶ್ಯ ಬಂದಾಗ ಅಪ್ಪ ಅಂಗೈಯಿಂದ ಇವನ ಕಣ್ಣು ಮುಚ್ಚುತ್ತಿದ್ದ, ಆ ಅಂಗೈಗೆ ಟ್ರ್ಯಾಕ್ಟರಿನ ಡೀಸೆಲ್ ವಾಸನೆ ಇತ್ತು, ಅದೊಂದು ನೆನಪಿದೆಯಂತೆ. ನೀನು ಯಾರ ಜೊತೆ ನೋಡುತ್ತೀ ಎಂದು ಶ್ರೀಕರನನ್ನು ಕೇಳಿದ. ಒಬ್ಬನೇ, ಎಂಟು ವರ್ಷದ ಮಗಳು ನಡುನಡುವೆ ಮಾತಾಡುತ್ತಾಳೆಂದು ಬಾಗಿಲು ಹಾಕಿಕೊಳ್ಳುತ್ತೇನೆ ಎಂದ ಶ್ರೀಕರ್. ಅಂದದ್ದು ತನಗೇ ಕೇಳಿಸಿತು. ಮುಖ ಎಲ್ಲಿಟ್ಟುಕೊಳ್ಳುವುದೆಂದು ಅವನಿಗೆ ತಿಳಿಯಲಿಲ್ಲ.

ಸಂಜೆ ಮಗಳು ಸಿಂಚನಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಧಾರಾವಾಹಿ ಹಾಕಿದ. ಪರದೆಯ ಮೇಲೆ ನರೆಗಡ್ಡದವನೊಬ್ಬ ಬಾಯಿ ತೆರೆದದ್ದೇ ತಡ, ಹುಡುಗಿ ಎದ್ದು ನಿಂತಳು.

“ದಟ್ಸ್ ದ ಕ್ಯಾಪ್ಟನ್? ಐ ಥಾಟ್ ಹಿ ವಾಸ್ ಯಂಗ್, ಅಪ್ಪಾ.”

ಅವನು ಕ್ಯಾಪ್ಟನ್ ಎಂದು ನಿನಗೆ ಹೇಗೆ ಗೊತ್ತು ಎಂದ ಶ್ರೀಕರ್. ಅದಕ್ಕೆ ಉತ್ತರ ಕೊಟ್ಟವಳು ಅಡುಗೆಮನೆಯಿಂದ ಬಂದ ಹೆಂಡತಿ ಕೃಪಾ.

“ದನಿ ಗೊತ್ತು ರೀ ಅವಳಿಗೆ. ಚಳಿಗಾಲ ಪೂರ್ತಿ ಬಾಗಿಲಾಚೆ ಕೂತು ಕೇಳಿಸ್ಕೊಂಡಿದ್ದಾಳೆ. ಮುಖ ಇವತ್ತೇ ನೋಡ್ತಿರೋದು.”

ಶ್ರೀಕರ್ ಆ ಕಂತನ್ನು ನಿಲ್ಲಿಸಿ, ಎಲ್ಲಕ್ಕಿಂತ ಮೊದಲನೆಯದನ್ನು ಹಾಕಿದ.