ಅಟ್ಟದ ಮೇಲೆ ಕೂತ ಮಳೆಗಾಲ

ನನಗೆ ಏನೂ ಕಷ್ಟ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಮೊದಲು ಹುಡುಕುವುದು ಕಷ್ಟವನ್ನೇ. ಯಜಮಾನರು ಗಟ್ಟಿಯಾಗಿದ್ದಾರೆ, ಮಗ ತೋಟ ನೋಡಿಕೊಳ್ಳುತ್ತಾನೆ, ಸೊಸೆ ಎದುರು ಮಾತಾಡಿದರೂ ಹೊತ್ತಿಗೆ ಸರಿಯಾಗಿ ಮುದ್ದೆ ಮಾಡಿ ಹಾಕುತ್ತಾಳೆ. ಆದರೂ ಹೋದ ವರ್ಷ ಮಳೆ ಹಿಡಿಯುವ ಮುಂಚಿನಿಂದಲೇ ನನ್ನೊಳಗೆ ಏನೋ ಕೆಟ್ಟಿತ್ತು.

ದುಃಖ ಅನ್ನುವ ಹಾಗಿರಲಿಲ್ಲ. ದುಃಖ ನನಗೆ ಗೊತ್ತು. ಅವ್ವ ಸತ್ತಾಗ ಅತ್ತಿದ್ದೆ, ಅತ್ತ ಮೇಲೆ ಹಸಿವಾಗಿತ್ತು, ಉಂಡಿದ್ದೆ. ಇದು ಬೇರೆ. ಬೆಳಿಗ್ಗೆ ಎದ್ದರೆ ನೆನೆದ ಗೋಣಿಚೀಲ ಬೆನ್ನ ಮೇಲೆ ಬಿದ್ದಿರುವ ಹಾಗೆ. ಸಾರಿಗೆ ಉಪ್ಪು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೊಮ್ಮಗಳು ತೊಡೆಯ ಮೇಲೆ ಕೂತರೆ ಯಾವಾಗ ಎದ್ದುಹೋಗುತ್ತಾಳೋ ಅನ್ನಿಸುತ್ತಿತ್ತು. ಕೆಲಸ ಮಾತ್ರ ಬಿಟ್ಟಿರಲಿಲ್ಲ. ಸೆಗಣಿ ಬಾಚಿದೆ, ಹಾಲು ಕರೆದು ಡೇರಿಗೆ ಹಾಕಿ ಬಂದೆ. ಕೈ ಆಡುತ್ತಿದ್ದರೆ ನಮ್ಮ ಕಡೆ ಯಾರೂ ಮುಖ ನೋಡುವುದಿಲ್ಲ.

ಯಾಕೋ ಯಾವುದೂ ಬೇಡ ಅನ್ನಿಸುತ್ತದೆ ಅಂತ ಯಜಮಾನರಿಗೆ ಒಮ್ಮೆ ಹೇಳಿದೆ. ಅವರು ಎಲೆಅಡಿಕೆ ಉಗಿದು ಬಂದು, "ಗ್ಯಾಸು ಕಣೇ ಅದು. ಓಮಿನ ಕಾಳು ಅಗಿ," ಅಂದರು. ಅಗಿದೆ. ಪಕ್ಕದ ಮನೆಯವಳು ದೃಷ್ಟಿಯಾಗಿದೆ ಅಂದಳು. ಈ ವಯಸ್ಸಿನಲ್ಲಿ ಈ ಮುಖಕ್ಕೆ ಯಾರು ದೃಷ್ಟಿ ಹಾಕುತ್ತಾರೆ ಅಂತ ಕೇಳಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಕೊಬ್ಬರಿ ಮನೆ ಹಿತ್ತಿಲಲ್ಲಿದೆ. ತಿಪಟೂರಿಗೆ ಹೋಗುವ ಉಂಡೆ ಕೊಬ್ಬರಿ ಸುಮ್ಮನೆ ಆಗುವುದಿಲ್ಲ. ತೆಂಗಿನಕಾಯಿಯನ್ನು ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಲಿ ಅಂತ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಮಳೆಗಾಲದಲ್ಲಿ ಥಂಡಿಗೆ ಕೊಳೆಯದಿರಲೆಂದು ಕೆಳಗೆ ಒಣ ಮಟ್ಟೆ ಸುಟ್ಟು ಹೊಗೆ ಹಾಕುತ್ತೇವೆ. ಅಟ್ಟದ ನೆಲವೆಂದರೆ ಸಂದು ಬಿಟ್ಟು ಜೋಡಿಸಿದ ಬಿದಿರ ಗಳ. ಹೊಗೆ ಆ ಸಂದಿನಲ್ಲಿ ಏರಿ ಕಾಯಿಯ ಮೇಲೆಲ್ಲ ಹರಡುತ್ತದೆ. ಆಗಾಗ ಹತ್ತಿ ಹೋಗಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ.

ಆ ಮಳೆಗಾಲದಲ್ಲಿ ಕಾಯಿ ನೋಡುವ ನೆಪ ಮಾಡಿ ಮೇಲೆ ಹೋಗಿ ಸುಮ್ಮನೆ ಕೂರುವುದನ್ನು ಕಲಿತೆ. ಕತ್ತಲೆ, ಹಳೇ ಹೊಗೆಯ ವಾಸನೆ, ಇಲಿ ಓಡಾಡುವ ಸದ್ದು. ಮೊದಮೊದಲು ಸ್ವಲ್ಪ ಹೊತ್ತು, ಆಮೇಲಾಮೇಲೆ ಊಟದ ಹೊತ್ತು ಮೀರುವವರೆಗೂ. ಕೂತಷ್ಟೂ ಇಳಿಯುವುದು ಕಷ್ಟವಾಗುತ್ತಿತ್ತು. ಒಂದು ದಿನ ಮೊಮ್ಮಗಳು ಹುಡುಕಿಕೊಂಡು ಹತ್ತಿ ಬಂದಳು. ಮಾರನೇ ದಿನದಿಂದ ಏಣಿಯನ್ನೇ ಮೇಲಕ್ಕೆ ಎಳೆದುಕೊಳ್ಳತೊಡಗಿದೆ. ಬಿದಿರೇಣಿ, ಹಗುರ.

ಜಡಿಮಳೆ ಹಿಡಿದ ಒಂದು ಮಧ್ಯಾಹ್ನ ಕೆಳಗೆ ಬಾಗಿಲು ಕಿರ್ ಅಂದಿತು. ಸೊಸೆ ಬಂದಿದ್ದಳು. ಏಣಿ ಕಾಣದ್ದಕ್ಕೆ ಮಾವ ತೋಟಕ್ಕೆ ಒಯ್ದಿರಬೇಕು ಅಂದುಕೊಂಡಳಂತೆ. ಏಣಿಯೇ ಇಲ್ಲದ ಮೇಲೆ ಅಟ್ಟದಲ್ಲಿ ಯಾರಿರುತ್ತಾರೆ. ಮಟ್ಟೆ ಗುಡ್ಡೆ ಹಾಕಿ, ಕೆಂಡ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

ಎಲ್ಲವೂ ನನಗೆ ಕೇಳಿಸಿತು. ಕೂಗಬಹುದಿತ್ತು. ಬಾಯಿ ಕಟ್ಟಿರಲಿಲ್ಲ, ಕಾಲು ಮುರಿದಿರಲಿಲ್ಲ. ಹೊಗೆ ಸಂದಿನಿಂದ ದಾರದ ಹಾಗೆ ಎದ್ದಿತು, ಆಮೇಲೆ ದಪ್ಪವಾಯಿತು. ಸಾಯಬೇಕು ಅಂತ ನಾನು ಅಂದುಕೊಳ್ಳಲಿಲ್ಲ. ಏಳಬೇಕು ಅಂತಲೂ ಅಂದುಕೊಳ್ಳಲಿಲ್ಲ. ಎದ್ದರೆ ಏಣಿ ಇಳಿಬಿಡಬೇಕು, ಇಳಿದರೆ ಸೊಸೆ ಏನು ಎತ್ತ ಅಂತ ಕೇಳುತ್ತಾಳೆ, ಅವಳಿಗೆ ಉತ್ತರ ಕೊಡಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆ ಅನ್ನಿಸಿತು.

ಕೆಮ್ಮು ಮಾತ್ರ ನನ್ನನ್ನು ಕೇಳದೆ ಬಂತು. ಸೂರಿನಡಿ ಮಟ್ಟೆ ಎತ್ತಿಡುತ್ತಿದ್ದ ಸೊಸೆಗೆ ಕೇಳಿಸಿತು. ಒಳಗೆ ನುಗ್ಗಿ, ದನದ ಮುಸುರೆ ಬಾನಿಯ ನೀರು ತಂದು ಬೆಂಕಿಗೆ ಸುರಿದಳು. ಏಣಿ ಬಿಡಿ ಅಂತ ಕೂಗಿದಳು. ಬಿಟ್ಟೆ. ಇಳಿದವಳ ಎರಡೂ ರಟ್ಟೆ ಹಿಡಿದುಕೊಂಡಳು.

"ನಾನು ಬೆಂಕಿ ಇಕ್ಕಿದ್ದು ಗೊತ್ತಾಗ್ಲಿಲ್ವಾ ಅತ್ತೆ?"

"ಗೊತ್ತಾಯ್ತು."

"ಮತ್ಯಾಕೆ ಕೂಗ್ಲಿಲ್ಲ?"

"ಗೊತ್ತಿಲ್ಲ ಕಣವ್ವ."

ಹಿಡಿದ ರಟ್ಟೆ ಬಿಡದೆ, "ನನ್ ಕೈಲಿ ಕೊಲೆ ಮಾಡುಸ್ತಿದ್ರಲ್ಲ," ಅಂದಳು.

ತಿಪಟೂರಿನ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಅವಳೇ ಹೊರಟಳು. ಊರವರು ಹುಚ್ಚು ಅಂತಾರೆ ಅಂತ ಯಜಮಾನರು ಗೊಣಗಿದರು. "ಊರೋರಿಗೆ ಓಮಿನ ಕಾಳು ಕೊಡಿ ಮಾವ," ಅಂದು ಸೊಸೆ ಚಪ್ಪಲಿ ಮೆಟ್ಟಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದರು. ಅಟ್ಟಕ್ಕೆ ಕಾಯಿ ಏರಿಸಿದಾಗಿನಿಂದ ಅಂದೆ. ಹಾಗಂದರೆ ತಿಂಗಳುಗಟ್ಟಲೆ ಅಂತ ಸೊಸೆ ಬಿಡಿಸಿ ಹೇಳಬೇಕಾಯಿತು. ಸಾಯುವ ಯೋಚನೆ ಬರುತ್ತದೆಯೇ ಅಂತ ಡಾಕ್ಟರು ನೇರವಾಗಿ ಕೇಳಿದರು. ಹೊಗೆಯ ವಿಷಯ ಹೇಳಿದೆ. ಬರೆಯುವುದು ನಿಲ್ಲಿಸಿದರು. ಸಕ್ಕರೆ ಕಾಯಿಲೆಯ ಹಾಗೆ ಇದೂ ಒಂದು ಕಾಯಿಲೆ, ಇದಕ್ಕೆ ಕಾರಣ ಇರಲೇಬೇಕೆಂದಿಲ್ಲ, ಮಾತ್ರೆ ಕೆಲಸ ಮಾಡಲು ವಾರಗಳು ಬೇಕು, ವಾಸಿಯಾಯಿತು ಅಂತ ನೀವೇ ಬಿಟ್ಟುಬಿಡಬೇಡಿ, ಒಬ್ಬರೇ ಕೂರಬೇಡಿ ಅಂದರು.

ಮಾತ್ರೆಯಿಂದ ಮೊದಮೊದಲು ಬಾಯಿ ಒಣಗಿತು, ಮಂಪರು ಹಿಡಿಯಿತು. ಎಸೆಯಬೇಕು ಅನ್ನಿಸಿತು. ಸೊಸೆ ಎದುರೇ ನಿಂತು ನುಂಗಿಸಿದಳು. ಬಹಳ ದಿನದ ಮೇಲೆ ಒಂದು ಮಧ್ಯಾಹ್ನ ಮೊಸಪ್ಪಿನ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಅವಳನ್ನು ಬೈದೆ. ಬೈಸಿಕೊಂಡು ಇನ್ನೊಂದು ಸೌಟು ಹಾಕಿದಳು.

ಕಾಯಿಲೆ ಹೋಯಿತು ಅಂತ ಹೇಳಲಾರೆ. ಈ ವರ್ಷವೂ ಅಟ್ಟ ತುಂಬಿದೆ, ಮಳೆ ಹಿಡಿದಿದೆ. ಮಗ ಏಣಿಯನ್ನು ತೊಲೆಗೆ ಸೇರಿಸಿ ಬಿಗಿದಿದ್ದಾನೆ. ಹೊಗೆ ಹಾಕುವ ಮುಂಚೆ ಸೊಸೆ ಬಾಗಿಲಲ್ಲಿ ನಿಂತು, "ಅತ್ತೆ, ಎಲ್ಲಿದ್ದೀರ?" ಅಂತ ಕೂಗುತ್ತಾಳೆ. ನಾನು ಓಗೊಡುವವರೆಗೆ ಕೆಂಡ ಇಡುವುದಿಲ್ಲ. ಎಷ್ಟೋ ದಿನ ಥಟ್ಟನೆ ಓ ಅನ್ನುತ್ತೇನೆ. ಮೊನ್ನೆ ಜಗಲಿಯ ಮೇಲೇ ಕೂತಿದ್ದೆ, ಅವಳ ದನಿ ಚೆನ್ನಾಗಿ ಕೇಳಿಸಿತು. ಅವಳ ಕೈಯ ಚಿಪ್ಪಿನಲ್ಲಿದ್ದ ಕೆಂಡ ಬೂದಿಯಾಗುವವರೆಗೂ ನನ್ನ ಬಾಯಿಂದ ಓ ಹೊರಡಲಿಲ್ಲ. ಅವಳು ಬಂದು ನನ್ನ ಮುಖ ನೋಡಿದಳು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಮತ್ತೆ ತಿಪಟೂರಿಗೆ ಹೊರಟೆವು.