ತಂಗಿಯ ಜಂಪರಿನ ಅಳತೆ

ಅಳತೆಗೆಂದು ನಾನು ಕೊಟ್ಟುಬಂದದ್ದು ನನ್ನ ಜಂಪರಲ್ಲ, ತಂಗಿಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಓದುವವರೂ ನನ್ನ ಜೊತೆ ಮೋಸಹೋದಂತಾಗಿ ನನ್ನ ತಪ್ಪು ಹಗುರಾಗುತ್ತದೆ. ಅಷ್ಟು ಅನುಕೂಲ ನನಗೆ ಬೇಡ.

ನಾನು ಸಿಂಧನೂರಿನಿಂದ ದಿನಾ ಬಸ್ಸಿನಲ್ಲಿ ಲಿಂಗಸುಗೂರಿನ ಬ್ಯಾಂಕಿಗೆ ಹೋಗಿಬರುವವಳು. ಮ್ಯಾನೇಜರ್ ಆಗಿ ಬಡ್ತಿ ಸಿಕ್ಕಾಗ, ಮುಖ್ಯ ಕಚೇರಿಯ ತರಬೇತಿಗೆ ಕೋಟು ಪ್ಯಾಂಟು ಹಾಕಿಕೊಂಡು ಬರಬೇಕೆಂದು ಪತ್ರ ಬಂತು. ಪ್ಯಾಂಟು ರೆಡಿಮೇಡೇ ಸಿಕ್ಕಿತು. ಕೋಟೂ ಹಾಗೇ ತರಿಸಿದೆ. ಭುಜ ಸರಿಹೋದರೆ ಸೊಂಟ ಹಿಡಿಯುತ್ತಿತ್ತು, ಸೊಂಟ ಸರಿಹೋದರೆ ಭುಜ ಜೋತುಬೀಳುತ್ತಿತ್ತು. ಎರಡು ಸಲ ವಾಪಸ್ ಕಳಿಸಿದ ಮೇಲೆ ಹೊಲಿಸುವುದೇ ಸರಿ ಎನ್ನಿಸಿತು.

ಸಿಂಧನೂರಿನಲ್ಲಿ ನನ್ನ ಜಂಪರು ಹೊಲಿಯುವಾಕೆ ಬಟ್ಟೆ ಮುಟ್ಟಲೇ ಇಲ್ಲ. "ಕೋಟೇನ್ರಿ ಅಕ್ಕಾರ? ಎಲ್ಲಿ ಮದುಮಗ ಆಗಿ ಹೊಂಟೀರಿ?" ಎಂದು ನಕ್ಕಳು. ಲಿಂಗಸುಗೂರಿನಲ್ಲಿ ಗಂಡಸರಿಗೆ ಹೊಲಿಯುವ ಟೇಲರೊಬ್ಬ, "ಗಂಡಸರ ಕೋಟನ್ನ ಸಣ್ಣದು ಮಾಡಿ ಕೊಡ್ತೀನ್ರಿ ಮೇಡಂ" ಎಂದ. ಎದೆಯ ಹತ್ತಿರ ಹೇಗೆ ಕೂರಿಸುತ್ತೀರಿ ಎಂದು ಕೇಳಿದೆ. ಆತ ಮೇಲೆ ತಿರುಗುವ ಫ್ಯಾನನ್ನು ನೋಡುತ್ತ, "ಅದನ್ನ ನೀವ ಹೇಳ್ರಿ" ಅಂದ.

ಕೊನೆಗೆ ದಾರಿ ತೋರಿಸಿದವರು ನಮ್ಮ ಬ್ಯಾಂಕಿಗೆ ಬರುವ ಒಬ್ಬ ವಕೀಲೆ. ಅವರು ಕೌಂಟರಿನ ಮೇಲಿಂದ ಕೈ ಚಾಚಿದರೂ ಅವರ ಕರಿ ಕೋಟು ಭುಜದ ಮೇಲಿಂದ ಸರಿಯುತ್ತಿರಲಿಲ್ಲ. "ಮಸ್ಕಿಯಾಗ ಹೊಲಿಸೀನ್ರಿ, ಬಸ್ ನಿಲ್ತೈತಲ್ಲ, ಅದರ ಎದುರಿಗೆ. ಮುದುಕ ಟೇಲರ್ ಮಾಸ್ತರ ಅದಾರ, ಸೊಸಿನೂ ಕೆಲಸಕ್ಕ ಕೂಡ್ತಾಳ." ಸಿಂಧನೂರಿನಿಂದ ಲಿಂಗಸುಗೂರಿಗೆ ಮಸ್ಕಿಯ ಮೇಲೇ ಹೋಗಬೇಕು. ದಿನಕ್ಕೆರಡು ಸಲ ಆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಅಲ್ಲಿ ಇಳಿದೆ. ಮಾಸ್ತರು ನನ್ನ ಕೋಟಿನ ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ ನೋಡಿ ಸೊಸೆಯ ಕಡೆ ಸರಿಸಿದರು. "ವಕೀಲ ಮೇಡಂ ಕೋಟಿಗೆ ಗುರ್ತು ಹಾಕಿದಾಕಿ ಇಕಿ, ಕತ್ರಿ ಹಿಡಿದಾಂವ ನಾ. ಈ ಸಲ ಕತ್ರಿನೂ ಇಕಿದ. ಹೆಣ್ಮಕ್ಕಳ ಕೋಟು ನನಗಿಂತ ಆಕಿಗೆ ಚಲೋ ತಿಳೀತೈತಿ." ಸೊಸೆ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾದದ್ದು ನನಗೆ ನೆನಪಿದೆ. ಅಥವಾ ನಂತರ ನಾನೇ ಆ ಬಣ್ಣ ಹಚ್ಚಿಕೊಂಡಿರಬಹುದು.

ನಮ್ಮ ಕಡೆ ಹೆಂಗಸರು ಟೇಪಿಗೆ ನಿಲ್ಲುವುದು ಕಡಿಮೆ. ಚೆನ್ನಾಗಿ ಕೂತಿರುವ ಒಂದು ಹಳೆ ಜಂಪರನ್ನು ಅಳತೆಗೆಂದು ಕೊಟ್ಟರೆ ಮುಗಿಯಿತು. ನಾನೂ ನೀಲಿಯದೊಂದನ್ನು ತಂದಿದ್ದೆ.

"ಕೋಟಿಗೆ ಮೈ ಅಳತಿನ ಬೇಕ್ರಿ," ಎಂದಳು ಸೊಸೆ. "ಪರದೆ ಹಿಂದ ಬರ್ರಿ, ಎರಡ ನಿಮಿಷ."

"ಬಸ್ ಹೋಗ್ತೈತವಾ. ಇದು ನನಗ ಅಳತಿ ಮಾಡಿದಂಗ ಐತಿ," ಎಂದು ಜಂಪರನ್ನು ಮೇಜಿನ ಮೇಲಿಟ್ಟು ಓಡಿದೆ.

ಆ ಬಸ್ಸು ಹೋದರೆ ಅರ್ಧ ಗಂಟೆಗೆ ಇನ್ನೊಂದಿತ್ತು.

ಹತ್ತು ದಿನ ಬಿಟ್ಟು ಹೋದೆ. ತರಬೇತಿಗೆ ಮೂರೇ ದಿನ ಉಳಿದಿತ್ತು. ಪರದೆಯ ಹಿಂದೆ ಕೋಟು ಹಾಕಿಕೊಂಡರೆ ತೋಳು ಮೊಣಕೈಯ ಮೇಲೆ ಬಿಗಿಯಾಗಿ ಹಿಡಿಯಿತು, ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಅಂತರ. ಹೊರಗೆ ಬಂದು ಬೇಸರ ತೋರಿಸಿದೆ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ನಾನು ಕೂಗಾಡಿದೆ. ಮದುವೆ ಸೂಟು ನೋಡಲು ಬಂದಿದ್ದ ನಾಲ್ಕೈದು ಜನ ಬೆಂಚಿನ ಮೇಲಿದ್ದರು.

"ಕಲಿಯಾಕ ನನ್ನ ಬಟ್ಟೀನ ಸಿಕ್ತೇನ್ರಿ ನಿಮಗ?"

"ಜಂಪರ್ ಅಳತಿಗೇ ಮಾಡೀನ್ರಿ," ಎಂದಳು ಆಕೆ, ಮೆಲ್ಲಗೆ.

"ಹಂಗಾರ ನಾ ಸುಳ್ಳು ಹೇಳಾಕತ್ತೀನೇನು?"

ಆಕೆ ಮಾವನ ಮುಖ ನೋಡಿದಳು. ಬೆಂಚಿನಿಂದ ಯಾರೋ, "ಮಾಸ್ತರ, ನಮ್ಮ ಸೂಟಿಗೆ ನೀವ ಕತ್ರಿ ಹಿಡೀರಿಪಾ" ಎಂದರು. ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ. ಸೊಸೆಯ ಮುಂದಿದ್ದ ಕತ್ತರಿಯನ್ನು ತೆಗೆದು, ತಾವು ಕೂರುವ ಕಡೆಯ ಗೋಡೆಯ ಮೊಳೆಗೆ ಹಾಕಿದರು. "ನಾಡದ ಬರ್ರಿ ಮೇಡಂ, ನಾ ಸರಿ ಮಾಡಿ ಕೊಡ್ತೀನಿ."

ಸರಿ ಮಾಡಿಯೂ ಕೊಟ್ಟರು. ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದರಿಂದ ಎಲ್ಲ ಬಿಚ್ಚಿ ಅಗಲ ಮಾಡಲು ಬಂತು. "ಅನುಭವ ಅಂದ್ರ ಇದ ನೋಡ್ರಿ, ಬಟ್ಟಿ ಬಿಟ್ಟಿರತೀರಿ" ಎಂದು ಹೊಗಳಿದೆ. ಮಾಸ್ತರು ಸೊಸೆಯ ಕಡೆ ಒಮ್ಮೆ ನೋಡಿ, ಕೋಟು ಮಡಚಿ ಕೊಟ್ಟರು.

ತರಬೇತಿಯಿಂದ ಬಂದ ವಾರವೇ ಜವಳಗೇರಾದಿಂದ ತಂಗಿ ಫೋನ್ ಮಾಡಿದಳು. "ಅಕ್ಕಾ, ನನ್ನ ನೀಲಿ ಜಂಪರ್ ನಿನ್ನ ಹತ್ರ ಐತೇನಬೇ? ನಿಂದು ನನ್ನ ಚೀಲದಾಗ ಬಂದೈತಿ. ಅದರಾಗ ನಾನೂ ನನ್ನ ಗಂಡನೂ ಇಬ್ರೂ ಹಿಡೀತೀವಿ!"

ಪಂಚಮಿಗೆ ತವರಿಗೆ ಹೋದಾಗ ಅವ್ವ ನಮ್ಮಿಬ್ಬರಿಗೂ ಒಂದೇ ಥಾನಿನಿಂದ ಕತ್ತರಿಸಿದ ಜಂಪರಿನ ಕಣವನ್ನೇ ಉಡಿಗೆ ಹಾಕುತ್ತಾಳೆ, ಒಬ್ಬಳದು ಹೆಚ್ಚು ಒಬ್ಬಳದು ಕಡಿಮೆ ಅನ್ನಿಸಬಾರದು ಎಂದು. ಇಬ್ಬರೂ ಒಂದೇ ಬಣ್ಣದ ಜಂಪರು ಹೊಲಿಸಿಕೊಂಡು ತವರಿಗೆ ಬಂದಾಗ ಅವ್ವನ ಒಂದೇ ಟ್ರಂಕಿನ ಮೇಲೆ ಬಿಚ್ಚಿಡುತ್ತೇವೆ. ಯಾವುದು ಯಾರದೆಂದು ಬಿಡಿಸಿ ನೋಡದೆ ನಾನು ಮಡಚಿಕೊಂಡು ಬಂದಿದ್ದೆ. ಸೊಸೆ ತಂಗಿಯ ಮೈಗೆ ಸರಿಯಾಗಿ ಕೋಟು ಕತ್ತರಿಸಿದ್ದಳು.

ಮರುದಿನವೇ ಮಸ್ಕಿಯಲ್ಲಿ ಇಳಿಯಬಹುದಿತ್ತು. ಇಳಿಯಲಿಲ್ಲ. ಬಸ್ಸಿನಲ್ಲಿ ಅಂಗಡಿ ಕಾಣದ ಬದಿಯ ಸೀಟು ಹಿಡಿಯಲು ಶುರುಮಾಡಿದೆ. ಸೀಟು ಸಿಗದೆ ನಿಂತ ದಿನ, ಆಕೆ ಅಂಗಡಿಯ ಕಟ್ಟೆಯ ಮೇಲೆ ಕೂತು ಸೀರೆಗೆ ಫಾಲ್ಸ್ ಹಚ್ಚುತ್ತಿರುವುದು ಕಂಡಿತು. ಮತ್ತೊಂದು ದಿನವೂ ಅದೇ. ಮೂರನೆಯ ಸಲವೂ ಫಾಲ್ಸೇ.

ಒಂದು ಮಧ್ಯಾಹ್ನ ವಕೀಲೆ ಬ್ಯಾಂಕಿಗೆ ಬಂದವರು ಹೇಳಿದರು. "ಆ ಹುಡುಗಿಗೆ ಕತ್ರಿ ಮುಟ್ಟಗೊಡಂಗಿಲ್ಲಂತ್ರಿ ಈಗ. ಯಾರೋ ಮೇಡಂ ಬಂದು ಮಂದಿ ಮುಂದ ಜಗಳ ತಗದ್ಲಂತ."

"ಹೌದಾ?" ಎಂದೆ.

ಕೂಗಾಡಿದ್ದಕ್ಕಿಂತ ನನ್ನ ಬಾಯಿಂದ ಬಂದ ಆ ಒಂದು ಮಾತು ನನ್ನನ್ನು ಹೆಚ್ಚು ಕಾಡಿತು. ಕೂಗಿದಾಗ ನನಗೆ ನಿಜ ಗೊತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಇಳಿದೆ. ಅಷ್ಟು ದಿನ ಧೈರ್ಯ ಒಟ್ಟುಗೂಡಿಸುತ್ತಿದ್ದೆ ಎಂದರೆ ಸುಳ್ಳು. ನನಗೆ ಇನ್ನೊಂದು ಕೋಟು ಬೇಕಾಗಿತ್ತು, ಬೇರೆ ಟೇಲರ್ ಸಿಕ್ಕಿರಲಿಲ್ಲ. ತಂಗಿಯಿಂದ ನನ್ನ ಜಂಪರನ್ನು ತರಿಸಿಕೊಂಡಿದ್ದೆ; ಕೈಚೀಲದಲ್ಲಿ ಹೊಸ ಬಟ್ಟೆಯೂ ನೀಲಿ ಜಂಪರುಗಳೆರಡೂ ಇದ್ದವು. ಸೊಸೆ ಕಟ್ಟೆಯ ಮೇಲಿದ್ದಳು. ಮಾಸ್ತರನ್ನು ಹೊರಗೆ ಕರೆದು, ಆಕೆಯ ಎದುರಿಗೇ ಎರಡನ್ನೂ ಒಂದರ ಮೇಲೊಂದು ಹಾಸಿ ತೋರಿಸಿದೆ. "ತಪ್ಪು ನಂದ್ರಿ. ನಾ ತಂಗೀದು ಕೊಟ್ಟಿದ್ದೆ."

ಮಾಸ್ತರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನೀವು ಜಂಪರ್ ಕೊಟ್ಟುಹೋದ ದಿನಾನ ಆಕಿ ಅಂದಿದ್ಲು. ಮಾವ, ಇದು ಆ ಮೇಡಂದು ಅಲ್ಲ, ತೋಳು ನೋಡ್ರಿ ಅಂತ. ಬ್ಯಾಂಕಿನ ಮೇಡಂಗ ತಮ್ಮ ಜಂಪರ್ ಯಾವುದಂತ ತಿಳಿಯಂಗಿಲ್ಲೇನಬೇ ಅಂತ ನಾನ ಬೈದೆ. ಅದಕ್ಕ ಆಕಿ ಒಳಗ ಬಟ್ಟಿ ಹೆಚ್ಚಿಗಿ ಬಿಟ್ಟಿದ್ಲು."

ನಾನು ಹೊಗಳಿದ ಅನುಭವ ಯಾರದೆಂದು ಆಗ ತಿಳಿಯಿತು. ಮಾಸ್ತರು ಒಳಗೆ ಹೋಗಿ ಮೊಳೆಯ ಮೇಲಿನ ಕತ್ತರಿ ತಂದು ಸೊಸೆಯ ಪಕ್ಕದಲ್ಲಿಟ್ಟರು. ಆಕೆ ಸೂಜಿ ನಿಲ್ಲಿಸಲಿಲ್ಲ.

"ಈ ಸೀರಿ ಇವತ್ತ ಕೊಡೂದೈತ್ರಿ ಮಾವ, ಮುಗಿಸ್ತೀನಿ." ನನ್ನತ್ತ ನೋಡದೆಯೇ ಕೇಳಿದಳು, "ನಿಮ್ಮ ಬಸ್ ಹೋಗ್ತೈತೇನ್ರಿ?"

"ಹೋಗ್ಲಿ," ಎಂದೆ.

ಫಾಲ್ಸಿನ ತುದಿಯವರೆಗೆ ಹೊಲಿದು, ದಾರ ಹಲ್ಲಿನಿಂದ ಕಡಿದು, ಸೀರೆ ಮಡಚಿಟ್ಟ ಮೇಲೆ ಪರದೆಯ ಹಿಂದೆ ಕರೆದಳು. ಭುಜವನ್ನು ಎರಡು ಸಲ ಅಳೆದಳು. ಆಕೆ ಅಂಕಿ ಕೂಗಿದಳು, ಹೊರಗೆ ಮಾಸ್ತರು ಬರೆದುಕೊಂಡರು. ಆಕೆ ನಕ್ಕಳೆಂದು ಬರೆಯುವ ಆಸೆಯಿದೆ. ಆಕೆ ಟೇಪು ಹಿಡಿದು ನನ್ನ ಕುತ್ತಿಗೆಯ ಹಿಂದಿದ್ದಳು, ಮುಖ ಕಾಣಲಿಲ್ಲ.

ಆಮೇಲೆ ಬಸ್ಸಿನಲ್ಲಿ ಅಂಗಡಿ ಕಾಣುವ ಬದಿಯಲ್ಲೇ ಕೂತೆ. ಕಟ್ಟೆ ಖಾಲಿ ಇರುತ್ತಿತ್ತು. ಆಕೆ ಒಳಗೆ ಮೇಜಿನ ಮುಂದಿದ್ದಾಳೆಂದು ನಂಬುವುದು ಸುಲಭವಾಗಿತ್ತು. ಬರೀ ನಂಬಿ ಕೂರಲಾರದೆ ಮೊನ್ನೆ ಇಳಿದು ನೋಡಿದೆ. ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಕರಿ ಬಟ್ಟೆ ಹರಡಿತ್ತು, ಕತ್ತರಿ ಆಕೆಯ ಕೈಯಲ್ಲಿತ್ತು. ವಕೀಲೆಯ ಎರಡನೆಯ ಕೋಟಂತೆ. ನನ್ನ ಬಟ್ಟೆ ಮಡಿಕೆ ಬಿಚ್ಚದೆ ಕಪಾಟಿನ ಕೆಳಗಿನ ಅರೆಯಲ್ಲಿತ್ತು.

"ನಿಮ್ಮದು ಪಾಳಿ ಮ್ಯಾಲ ಐತ್ರಿ ಮೇಡಂ," ಎಂದಳು ಆಕೆ. " ಅವಸರ ಐತೇನು?"

"ಇಲ್ಲವಾ," ಎಂದೆ.