ಗೌಂಡಿ ಕಾಕಾ ಆಡಿದ ಪೂರ್ತಿ ಮಾತು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಸುಣ್ಣ, ಸಿಮೆಂಟು, ಕಲ್ಲು ಹಿಡಿದು ಹಿಡಿದು ಬೆರಳ ತುದಿಯ ಚರ್ಮ ಹೊಳೆದಂಡೆಯ ಹರಳಿನ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರಕ್ಕೆ ಅವರು ಯಾರೆಂದು ಯಾವ ತಿಂಗಳೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನು "ಬಟ್ಟೀಲೆ ಒರಸಿ ಇನ್ನೊಮ್ಮೆ ಒತ್ರಿ" ಎಂದರೆ ಇವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ನಿನ್ನ ಎದರಿಗೆ ನಿಂತೇನಲ್ಲೋ, ನನ್ನ ಮಾರಿ ನೋಡಿ ಹೇಳು. ನೀ ಕುಂತ ಈ ಕಟ್ಟಿ ಕಟ್ಟಿದಾಂವ ನಾನ. ಆ ಡಬ್ಬಿಗೇನ ಕೇಳ್ತಿ?"

ಊರಿಗೆಲ್ಲ ಅವರು ಗೌಂಡಿ, ನನಗೆ ಗೌಂಡಿ ಕಾಕಾ. ನಮ್ಮೂರಿನ ಅರ್ಧ ಮನೆಗಳ ಪಾಯಾ ಅವರು ತೆಗೆದದ್ದು. ಯಾರ ಮನೆಗೆ ಹೋಗಲಿ, ಮದುವೆಗಿರಲಿ, ಮಣ್ಣಿಗಿರಲಿ, ಒಳಗೆ ಕಾಲಿಟ್ಟವರೇ ಬೆರಳ ಗೆಣ್ಣಿನಿಂದ ಗೋಡೆಯನ್ನೊಮ್ಮೆ ಬಡಿದು ಕಿವಿಗೊಡುತ್ತಿದ್ದರು. "ನೀರು ಕುಡದೈತಿ" ಎಂದು ತಮ್ಮಷ್ಟಕ್ಕೆ ಗೊಣಗಿ ಆಮೇಲೆ ಮನೆಯವರ ಕ್ಷೇಮ ವಿಚಾರಿಸುತ್ತಿದ್ದರು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಚಹಾವನ್ನು ಬಸಿಗೆ ಸುರುವಿಕೊಂಡು ಕುಡಿಯುತ್ತಿದ್ದರು.

ನಮ್ಮ ಮನೆ ಕಟ್ಟಿದ್ದೂ ಅವರೇ. ಆಗ ನಾನು ಶಾಲೆಯಲ್ಲಿ ಐದನೇ ಇಯತ್ತೆ. ಪಾಯಾಕ್ಕೆ ಗೂಟ ಹೊಡೆದು ದಾರ ಎಳೆದಾಗಿತ್ತು, ಅಷ್ಟರಲ್ಲಿ ಅಡ್ಡಮಳೆ ಸುರಿಯತೊಡಗಿತು. ಆಳುಗಳೆಲ್ಲ ಓಡಿಹೋಗಿ ಗುಡಿ ಸೇರಿದರು. ಕಾಕಾ ಮಾತ್ರ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಯಲಲ್ಲಿ ನಿಂತುಬಿಟ್ಟರು. ಮಳೆ ನಿಂತ ಮೇಲೆ ಒಂದೊಂದೇ ಗೂಟ ಕಿತ್ತು, ಇಡೀ ಮನೆಯನ್ನು ಆರು ಮೊಳ ಆಚೆ ಸರಿಸಿ ಮತ್ತೆ ಹೊಡೆದರು. ಅಪ್ಪ ಕೂಗಾಡಿದ.

"ಮುಹೂರ್ತ ಮೀರಿತಲ್ಲೋ ಮಾರಾಯಾ!"

"ಮುಹೂರ್ತ ನಾಳೆ ಸುದ್ದಾ ಸಿಗತೈತ್ರಿ ಗೌಡ್ರ. ನೀರು ಹೋಗೂ ಹಾದಿ ಇದೊಂದ. ಇದರ ಮ್ಯಾಲ ನಾ ಮನಿ ಕಟ್ಟಿಕೊಡೂದಿಲ್ಲ."

ಮಾರನೆಯ ವರ್ಷ ದೊಡ್ಡ ಮಳೆಗೆ ಬಗಲಿನ ಮನೆಯಲ್ಲಿ ಮೊಣಕಾಲುಮಟ ನೀರು ನಿಂತಿತು. ನಮ್ಮ ಹೊಸ್ತಿಲು ಒದ್ದೆಯಾಗಲಿಲ್ಲ. ಅಪ್ಪ ಆಮೇಲೆ ಅವರ ಮಾತಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ.

ಇನ್ನು ಆ ಕಂಪನಿಯ ವಿಷಯ. ಅದನ್ನು ಬರೆಯಲು ಕೂತರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಯಾವುದೋ ದೊಡ್ಡ ತಂತ್ರಜ್ಞಾನ ಕಂಪನಿ ತನ್ನ ಮುಖ್ಯ ಕಚೇರಿಯನ್ನು ನಮ್ಮೂರ ಗಾಯರಾಣದಲ್ಲಿ, ಅಂದರೆ ದನ ಮೇಯುವ ಬಯಲಿನಲ್ಲಿ, ಕಟ್ಟುತ್ತದಂತೆ ಎಂಬ ಸುದ್ದಿ ಬಂತು. ಹಿಂದೆಯೇ ಚಿತ್ರವೂ ಬಂತು. ದುಂಡಗಿನ ಗಾಜಿನ ಕಟ್ಟಡ, ಅದರ ನೆತ್ತಿಯ ಮೇಲೆ ತೋಟ, ಹೊಟ್ಟೆಯೊಳಗೆ ಒಂದು ಕೆರೆ. ಎಲ್ಲರ ಮೊಬೈಲಿನಲ್ಲೂ ಅದೇ. ಒಬ್ಬರು ಹುಣ್ಣಿಮೆ ಚಂದ್ರನ ಹಾಗಿದೆ ಎಂದರು, ಇನ್ನೊಬ್ಬರು ಬೋರಲು ಹಾಕಿದ ಗಂಗಾಳ ಎಂದರು. ರಾಮದುರ್ಗದ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದು, ಇನ್ನೂ ಒಂದು ಇಟ್ಟಂಗಿ ಬೀಳದ ಖಾಲಿ ಬಯಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದವರಿದ್ದಾರೆ. ಕಿತ್ತೂರಿನಲ್ಲಿರುವ ನನ್ನ ಸೋದರಮಾವ ಫೋನು ಮಾಡಿ, "ಹೈವೇ ನಮ್ಮ ಕಡೆ ಐತಿ, ಕಂಪನಿ ನಿಮ್ಮ ಕಡೆ ಹೆಂಗ ಬಂತ?" ಎಂದು ಜಗಳಕ್ಕೇ ನಿಂತ. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನದು ನಮ್ಮೂರಿಗೆ ಹತ್ತಿರದ ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಕಂಪನಿಯವರು ಕಲ್ಯಾಣ ಮಂಟಪದಲ್ಲಿ 'ಜನರ ಅನಿಸಿಕೆ' ಎಂಬ ಸಭೆ ಇಟ್ಟರು. ಬರೆಯಲು ಬಾರದವರು ಹೇಳಿದ್ದನ್ನು ಬರೆದುಕೊಳ್ಳಲು, ಕಂಪನಿಯ ಮುದ್ರೆ ಒತ್ತಿದ ಹಾಳೆಗಳನ್ನು ಕೊಟ್ಟು ನನ್ನನ್ನು ಕೂರಿಸಿದರು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಪುಟ್ಟ ಮಾದರಿ. ಜನ ಮುಗಿಬಿದ್ದು ನೋಡಿದರು. ಕಾಕಾ ಎಲ್ಲರೂ ಊಟಕ್ಕೆ ಎದ್ದ ಮೇಲೆ ಬಂದರು. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ನಾಲ್ಕೂ ದಿಕ್ಕಿನಿಂದ ನೋಡಿದರು. ಕಂಪನಿಯ ಫೋಟೋದವನು ಅವರ ಸುತ್ತ ಸುತ್ತಿ ಫೋಟೋ ತೆಗೆದ.

"ಹಳ್ಳ ಎಲ್ಲಿ ಐತ್ರಿ ಸಾಹೇಬ್ರ?" ಎಂದರು ಕಾಕಾ.

ಆಗಲೇ ನಾನೂ ಸರಿಯಾಗಿ ನೋಡಿದ್ದು. ಗಾಯರಾಣದ ನಡುವೆ ಹರಿಯುವ ನಮ್ಮೂರ ಹಳ್ಳ ಮಾದರಿಯಲ್ಲಿ ಇರಲಿಲ್ಲ. ಹಳ್ಳದಾಚೆಯ ಕೆಳಗಿನ ಓಣಿಯೂ ಇರಲಿಲ್ಲ. ಅಲ್ಲೆಲ್ಲ ಹಸಿರು ಬಣ್ಣದ ಹುಲ್ಲು, ಅದರ ಮೇಲೆ ಬೆಂಕಿಕಡ್ಡಿಯಷ್ಟು ಎತ್ತರದ ಬಿಳಿ ಗೊಂಬೆಗಳು ಅಡ್ಡಾಡುತ್ತಿದ್ದವು.

ಕಂಪನಿಯ ಅಧಿಕಾರಿ, ಟೈ ಕಟ್ಟಿದ ಹುಡುಗಮುಖದವನು, ನಕ್ಕು ಹೇಳಿದ: "ಹಳ್ಳವನ್ನೇ ನಾವು ಕೆರೆಯಾಗಿ ಅಭಿವೃದ್ಧಿ ಮಾಡ್ತಿದೀವಿ ಅಜ್ಜಾ. ಬಿಲ್ಡಿಂಗ್ ಒಳಗಡೆ ಬರುತ್ತೆ."

"ಮಳಿಗಾಲದಾಗ ಅದು ತುಂಬಿದ ಮ್ಯಾಲ?"

"ಅದಕ್ಕೆಲ್ಲ ಎಂಜಿನಿಯರ್ಸ್ ಇದಾರೆ."

ಕಾಕಾ ನನ್ನ ಮೇಜಿಗೆ ಬಂದರು. "ಬರಕೋ ಯವ್ವಾ" ಎಂದು, ಒಂದೊಂದೇ ಕಲ್ಲು ಇಟ್ಟ ಹಾಗೆ ಹೇಳಿದರು. ನಾನು ಅವರು ಹೇಳಿದ ಹಾಗೆಯೇ ಬರೆದೆ: "ಇಂಥಾ ಕಟ್ಟಡಾ ನಾ ಹುಟ್ಟಿದಾಗಿಂದ ನೋಡಿಲ್ಲ, ಹಳ್ಳದ ಹೊಟ್ಟಿ ಮ್ಯಾಲ ಪಾಯಾ ತಗದು ಕೆಳಗಿನ ಓಣಿ ಮಂದೀನ್ನ ನೀರಾಗ ಹಾಕೂ ಕಟ್ಟಡಾ." ಹಾಳೆಗಳನ್ನು ಕೊಡುವ ಮೊದಲು ಎಲ್ಲದರದೂ ಒಂದೊಂದು ಝೆರಾಕ್ಸ್ ತೆಗೆದಿಟ್ಟುಕೊಂಡೆ. ಅದು ನನ್ನ ಅಂಗಡಿಯ ರೂಢಿ.

ಹದಿನೈದು ದಿನ ಕಳೆದಿರಬೇಕು. ಬೈಲಹೊಂಗಲದಲ್ಲಿ, ಸವದತ್ತಿಯಲ್ಲಿ, ನಮ್ಮ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ, ಹೀಗೆ ಮೂರು ಕಡೆ ದೊಡ್ಡ ದೊಡ್ಡ ಬೋರ್ಡು ನಿಂತವು. ಒಂದು ಕಡೆ ಗಾಜಿನ ಕಟ್ಟಡ, ಇನ್ನೊಂದು ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿರುವ ಕಾಕಾ. ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ: "ಇಂಥಾ ಕಟ್ಟಡಾ ನಾ ಹುಟ್ಟಿದಾಗಿಂದ ನೋಡಿಲ್ಲ!" ಅಷ್ಟೇ. ಉಳಿದದ್ದನ್ನು ಕತ್ತರಿಸಿ ಒಗೆದಿದ್ದರು. ಕಾಕಾ ಇಡದ ಉದ್ಗಾರ ಚಿಹ್ನೆಯೊಂದನ್ನು ತಾವೇ ಇಟ್ಟಿದ್ದರು.

ಓದಲು ಬಾರದ ಮನುಷ್ಯನ ಬಾಯಿಯಿಂದ ಮಾತು ಕಿತ್ತುಕೊಂಡು, ಅದನ್ನು ಅವನು ಹೇಳಿದ್ದಕ್ಕೆ ತಿರುಗುಮುರುಗಾಗಿ ಮಾಡಿ, ಅವನದೇ ಮುಖದ ಕೆಳಗೆ ಬರೆಯುವುದಕ್ಕಿಂತ ಹೇಸಿ ಕೆಲಸ ಯಾವುದಿದೆ? ಕೆಳಗಿನ ಓಣಿಯ ಜನ ಕಾಕಾನ ಜೊತೆ ಮಾತು ಬಿಟ್ಟರು. ಅಲ್ಲಿಯ ಒಬ್ಬ ಮುದುಕಿ, ಅವಳ ಮನೆಯ ಒಲೆಕಟ್ಟೆಯನ್ನೂ ಕಾಕಾನೇ ಕಟ್ಟಿದ್ದು, ನಡುಬೀದಿಯಲ್ಲಿ, "ನಮ್ಮನ್ನ ಮುಳಗಿಸಿ ಫೋಟೋ ಹೊಡಸ್ಕೊಂಡಿ ಏನೋ ಗೌಂಡಿ?" ಎಂದು ಕೇಳಿದಳಂತೆ. ಆ ದಿನವೇ ಅವರು ನನ್ನ ಅಂಗಡಿಗೆ ಬಂದರು. ಒಳಗೆ ಬಂದವರು ಗೋಡೆ ಬಡಿಯಲಿಲ್ಲ.

"ಯವ್ವಾ, ನಾ ಹೇಳಿದ್ದು ಅಷ್ಟ ಏನು?"

"ಅಲ್ರಿ ಕಾಕಾ."

"ಉಳದದ್ದು ನೀ ಬರದಿದ್ದಿಲ್ಲೇನ?"

"ಬರದಿದ್ನಿ."

"ಹಂಗಾರ ಎಲ್ಲಿ ಹೋತು?"

ಝೆರಾಕ್ಸ್ ಪ್ರತಿ ನನ್ನ ಮೊಣಕೈ ಕೆಳಗಿನ ಡ್ರಾವರಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ಕಂಪನಿ ಬಂದರೆ ಅಂಗಡಿಗೆ ಕೆಲಸ ಹೆಚ್ಚುತ್ತದೆ ಎಂಬ ಆಸೆಯೂ ಇತ್ತು, ದೊಡ್ಡವರನ್ನು ಎದುರು ಹಾಕಿಕೊಳ್ಳುವ ಹೆದರಿಕೆಯೂ ಇತ್ತು. "ಅವರು ಎಲ್ಲಾ ಹಾಳಿ ಒಯ್ದ್ರು ಕಾಕಾ. ಬಿಡ್ರಿ, ಮಂದಿ ನಾಕ ದಿನಾ ಮಾತಾಡಿ ಮರೀತಾರ" ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಆ ಬೋರ್ಡಿನ ಕೆಳಗೆ ನಿಂತರು. ತೊಳೆದ ಧೋತರ, ತಲೆಗೆ ಪಟಗಾ. ಬಸ್ಸು ಬಂದು ನಿಂತಾಗಲೆಲ್ಲ ಇಳಿದವರ ಹತ್ತಿರ ಹೋಗಿ, ಮೇಲಿನ ಫೋಟೋಕ್ಕೆ ಕೈ ಮಾಡಿ, "ಇದು ನಾನ ನೋಡ್ರಿ. ಅದರಾಗ ಅರ್ಧಾ ಬರದಾರ. ಉಳದ ಅರ್ಧಾ ಕೇಳಿ ಹೋಗ್ರಿ" ಎಂದು ತಮ್ಮ ಮಾತನ್ನು ಪೂರ್ತಿ ಹೇಳುತ್ತಿದ್ದರು. ಕೆಲವರು ನಿಂತು ಕೇಳಿದರು. ಹಲವರು ನಕ್ಕರು. ಕಾಲೇಜಿನ ಹುಡುಗರು ವಿಡಿಯೋ ಮಾಡಿ ಹಾಡು ಸೇರಿಸಿ ಹಂಚಿದರು. ಎರಡನೆಯ ದಿನವೂ ಬಂದರು. ಮೂರನೆಯ ದಿನ ಗಂಟಲು ಕಟ್ಟಿ ದನಿ ಸೀಳಿತ್ತು. ನಾನು ಅಂಗಡಿಯಲ್ಲಿ ಕೂತು ಜಾತಿ ಪ್ರಮಾಣಪತ್ರದ ಅರ್ಜಿ ಟೈಪು ಮಾಡುತ್ತ ಅದನ್ನೆಲ್ಲ ಕೇಳಿಸಿಕೊಂಡೆ.

ನಾಲ್ಕನೆಯ ದಿನ ಕಂಪನಿಯ ಆ ಅಧಿಕಾರಿ ಕಾರಿನಿಂದ ಇಳಿದ. ಸುತ್ತ ಜನ ಸೇರಿದರು.

"ಅಜ್ಜಾ, ಪಾಸಿಟಿವ್ ಭಾಗ ಮಾತ್ರ ತಗೊಂಡಿದೀವಿ. ನಿಮಗೆ ಒಳ್ಳೆ ಹೆಸರೇ ಬಂತಲ್ಲ?"

"ಹೆಸರು ಬ್ಯಾಡೋ ತಮ್ಮಾ. ನನ್ನ ಮಾತು ಕಡದು ಉಳದದ್ದು ಎಲ್ಲಿ ಒಗದಿ, ಅದನ್ನ ತೋರಸು."

"ನೀವು ಹಾಗೆ ಹೇಳಿದ್ದಕ್ಕೆ ಏನು ದಾಖಲೆ ಇದೆ?" ಎಂದ ಅವನು.

ಕಾಕಾ ಬಾಯಿ ತೆರೆದರು, ದನಿ ಹೊರಡಲಿಲ್ಲ.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಡ್ರಾವರಿನಿಂದ ಆ ಹಾಳೆ ತೆಗೆದು ಯಂತ್ರಕ್ಕೆ ಕೊಟ್ಟೆ, ಹಿಗ್ಗಿಸಬಹುದಾದಷ್ಟು ಹಿಗ್ಗಿಸಿದೆ. ರಸ್ತೆ ದಾಟಿ ಹೋಗಿ, ಬೋರ್ಡಿನ ಕಂಬಕ್ಕೆ ಅಂಟಿಸಿ, ಗಟ್ಟಿಯಾಗಿ ಓದಿದೆ. "ಇದು ನನ್ನ ಅಕ್ಷರ. ನೀವ ಕೊಟ್ಟ ಹಾಳಿ. ಕೆಳಗ ನಿಮ್ಮ ಕಂಪನಿ ಶಿಕ್ಕಾ ಐತಿ. ಇನ್ನೇನ ದಾಖಲೆ ಬೇಕ್ರಿ ನಿಮಗ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಧಿಕಾರಿ ಫೋನು ಕಿವಿಗಿಟ್ಟುಕೊಂಡು ಕಾರು ಹತ್ತಿದ.

ಸಂಜೆಯೊಳಗೆ ಕೆಳಗಿನ ಓಣಿ ಪೂರ್ತಿ ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಆ ಮುದುಕಿ ಕಾಕಾನ ಮುಂದೆ ನಿಂತು ಬಿಸಿ ಹಾಲಿನ ವಾಟಗಾ ಚಾಚಿದಳು, "ಗಂಟಲಿಗೆ ಛಲೋ, ಕುಡಿ" ಎಂದಳು. ವಾರದೊಳಗೆ ಮೂರೂ ಬೋರ್ಡು ಇಳಿದವು. ಓಣಿಯವರೆಲ್ಲ ಸಹಿ ಹಾಕಿದ ಅರ್ಜಿ ತಾಲೂಕು ಕಚೇರಿಗೆ ಹೋಯಿತು, ಜಾಗ ಮತ್ತೆ ಅಳತೆಯಾಗಬೇಕೆಂದು ಆದೇಶ ಬಂತು. ಆ ಮಳೆಗಾಲದಲ್ಲಿ ಕಾಕಾ ಅಳತೆಗೆ ಬಂದ ಎಂಜಿನಿಯರನನ್ನು ನಡುಮಟ ನೀರಿನಲ್ಲಿ ಹಳ್ಳದುದ್ದಕ್ಕೂ ನಡೆಸಿದರು. ಮುಂದಿನ ವರ್ಷದ ಹೊಸ ನಕಾಶೆಯಲ್ಲಿ ಕಟ್ಟಡ ದಿನ್ನೆ ಹತ್ತಿತ್ತು, ಹಳ್ಳ ತನ್ನ ಪಾಡಿಗೆ ಹರಿದಿತ್ತು, ಕೆಳಗಿನ ಓಣಿಯ ಮನೆಗಳು ಒಂದೊಂದಾಗಿ ಕಂಡವು.

ಪತ್ರಿಕೆಗಳು ಅದನ್ನು ಕೊಂಡಾಡಿದವು. 'ನಿಸರ್ಗಕ್ಕೆ ತಲೆಬಾಗಿದ ವಿನ್ಯಾಸ' ಎಂದು ದೂರದ ಊರಿನ ವಾಸ್ತುಶಿಲ್ಪಿಯ ಸಂದರ್ಶನ ಅರ್ಧ ಪುಟ ಬಂತು. ನಾನು ಅದನ್ನು ಮೂರು ಸಲ ಓದಿದೆ. ಗೌಂಡಿ ಎಂಬ ಶಬ್ದ ಕೂಡ ಇರಲಿಲ್ಲ. ತಪ್ಪು ತಿದ್ದಿದವನನ್ನು ಬಿಟ್ಟು ತಪ್ಪು ಮಾಡಿದವರಿಗೇ ಹಾರ ಹಾಕುವ ಈ ಲೋಕಕ್ಕೆ ಏನನ್ನಬೇಕು? ಕಾಕಾನಿಗೆ ಓದಿ ಹೇಳಿದಾಗ ಅವರು, "ಪಾಯಾ ಸರದೈತಿಲ್ಲ? ಸಾಕ ಬಿಡು" ಎಂದರು. ನನಗೆ ಸಾಕಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಲ್ಲಿನ ಧೂಳು ಅವರ ಎದೆಯಲ್ಲಿ ಮೊದಲೇ ಮನೆ ಮಾಡಿತ್ತು. ಹೋದ ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದ ದಿನ ತಡೆಯಲಾಗದೆ ಹೇಳಿಬಿಟ್ಟೆ: "ಕಾಕಾ, ನೀವು ಅಂಗಡಿಗೆ ಬಂದ ದಿನಾನ ಆ ಹಾಳಿ ನನ್ನ ಹತ್ರ ಇತ್ರಿ. ಸುಳ್ಳ ಹೇಳಿದ್ನಿ."

ಅವರು ದಿಂಬಿನ ಮೇಲೆ ತಲೆಯನ್ನು ನನ್ನ ಕಡೆ ಹೊರಳಿಸಿದರು.

"ಗೊತ್ತಿತ್ತ ಯವ್ವಾ. ಮಾತಾಡೂ ಮುಂದ ಡ್ರಾವರ್ ಕಡೆ ನೋಡಿದ್ದಿ."

"ಹಂಗಾರ ಅವತ್ತ ಯಾಕ ಕೇಳಲಿಲ್ರಿ?"

"ಕೇಳಿ ಇಸಕೊಂಡ್ರ ನೀ ಅಂಜಕೋತ ಕೊಡತಿದ್ದಿ." ಕೆಮ್ಮು ಬಂತು. ನಾನು ಬೆನ್ನು ನೀವಿದೆ. "ಬೋರ್ಡ ಮೂರ ಇದ್ದೂ. ಸವದತ್ತ್ಯಾಗ ದೇವಿ ಗುಡ್ಡಕ್ಕ ಹೋಗೂ ಮಂದಿ ಎಷ್ಟ, ಅಲ್ಲಿ ನಿಂತಿದ್ರ ಸಾವಿರ ಮಂದಿ ಕೇಳತಿದ್ರು. ನಾ ಯರಗಟ್ಟ್ಯಾಗ, ನಿನ್ನ ಅಂಗಡಿ ಎದರಿಗೆ ಯಾಕ ನಿಂತೆ?"

ನಾನು ಅವರ ಹೊದಿಕೆ ಸರಿಮಾಡಿದೆ.

"ನೀ ಒಂದ ದಿನಾ ನನ್ನ ಕಡೆ ಹೊಳ್ಳಿ ನೋಡತಿ ಅಂತ ಗೊತ್ತಿತ್ತ. ನಾಕ ದಿನಾ ಹಿಡೀತು, ಅಷ್ಟ."

ಮೂರು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ಕೆಳಗಿನ ಓಣಿಯವರು ಬೇರೆ ಯಾರಿಗೂ ಹೆಗಲು ಬಿಟ್ಟುಕೊಡಲಿಲ್ಲ. ನಾನು ಹಿಂದೆ ಹೆಂಗಸರ ಜೊತೆ ನಡೆದೆ. ಆ ನಾಲ್ಕು ದಿನ ಬಿಸಿಲಿನಲ್ಲಿ ಅವರು ಜಗತ್ತಿಗೆ ಹೇಳುತ್ತ ನಿಂತಿದ್ದಾರೆಂದು ನಾನು ತಿಳಿದಿದ್ದೆ. ಅವರು ನನ್ನನ್ನು ಕಾಯುತ್ತ ನಿಂತಿದ್ದರು.